ಅಡಗೂಲಜ್ಜಿಯ ಕಥೆ, ಹದಿಹರೆಯದ ಓದುಗ ಮತ್ತು ಕನ್ನಡ ವಿಮರ್ಶೆ

ಭಾರತೀಯ ಕಥಾಸಾಹಿತ್ಯದ ಇತಿಹಾಸದಲ್ಲಿ ಅತ್ಯಂತ ಕಠಿಣವಾದ ವಿಮರ್ಶೆ ಯಾವುದೆಂದು ಕೇಳಿದರೆ, ಪ್ರತಿಷ್ಠಾನದ ಅರಸನಾದ ಸಾತವಾಹನನದೆಂದು ಹೇಳಬೇಕಾಗುತ್ತದೆ. ಗುಣಾಢ್ಯನು ಏಳು ಲಕ್ಷ ಗ್ರಂಥಪ್ರಮಾಣದ ಬೃಹತ್ಕಥೆಯನ್ನು ರಚಿಸಿ ಅರಸನ ಬಳಿಗೆ ಕಳುಹಿಸಿದಾಗ, ಅರಸನು ಕಥೆಯನ್ನು ಓದಲಿಲ್ಲ. ಭಾಷೆ ಪೈಶಾಚಿ, ಮಸಿ ರಕ್ತ ಎಂಬ ಎರಡು ಕಾರಣಗಳನ್ನು ಹೇಳಿ ತಿರಸ್ಕರಿಸಿದನು. ಮನನೊಂದ ಕವಿ ಗುಡ್ಡದ ಮೇಲೆ ಅಗ್ನಿಕುಂಡವನ್ನು ಮಾಡಿ, ಒಂದೊಂದೇ ಓಲೆಯನ್ನು ಕಾಡಿನ ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕತೊಡಗಿದನು. ಪ್ರಾಣಿಗಳು ಮೇವನ್ನು ಮರೆತು ಕಣ್ಣೀರಿಟ್ಟು ಕೇಳಿದವು. ಅತ್ತ ಅರಮನೆಯ ಅಡಿಗೆಮನೆಗೆ ಬರುವ ಮಾಂಸ ಒಣಗಿತು, ಅರಸನ ಆರೋಗ್ಯ ಕೆಟ್ಟಿತು. ಕಾರಣವನ್ನು ಹುಡುಕಿಕೊಂಡು ಬಂದಾಗ ಉಳಿದಿದ್ದುದು ಒಂದು ಲಕ್ಷ ಮಾತ್ರ. ಹನ್ನೊಂದನೆಯ ಶತಮಾನದ ಸೋಮದೇವನು ತನ್ನ ಕಥಾಸರಿತ್ಸಾಗರದ ಮೊದಲಲ್ಲಿಯೇ ಈ ವೃತ್ತಾಂತವನ್ನು ಇರಿಸಿರುವುದು ಆಕಸ್ಮಿಕವಲ್ಲ. ಪ್ರತಿಷ್ಠಾನವೆಂದರೆ ಇಂದಿನ ಮಹಾರಾಷ್ಟ್ರದ ಪೈಠಣ. ಮುಂಬಯಿಯ ಕನ್ನಡಿಗನಿಗೆ ಅದು ತೀರ ದೂರದ ಊರೇನೂ ಅಲ್ಲ. ದೂರದ್ದಲ್ಲದ ಇನ್ನೊಂದು ಸಂಗತಿಯೆಂದರೆ, ಕಥೆಯನ್ನು ಬಿಟ್ಟು ಮಸಿಯನ್ನು ನೋಡುವ ಆ ಅರಸನ ಪದ್ಧತಿ. ಕಿರಿಯರಿಗಾಗಿ ಬರೆದ ಅದ್ಭುತ ಕಥೆಗಳ ವಿಷಯದಲ್ಲಿ ಕನ್ನಡದ ಪುಸ್ತಕ ವಿಮರ್ಶೆ ಇಂದಿಗೂ ಬಹುಮಟ್ಟಿಗೆ ಅದೇ ದಾರಿಯಲ್ಲಿದೆ.

ಮೊದಲಿಗೆ ಹೆಸರನ್ನೇ ನೋಡಬಹುದು. ಅದ್ಭುತ ಕಥೆಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಮಾತು ‘ಅಡಗೂಲಜ್ಜಿಯ ಕಥೆ’. ಮಾತಿನಲ್ಲಿ ಪ್ರೀತಿಯೂ ಉಂಟು, ತಾತ್ಸಾರವೂ ಉಂಟು. ನಂಬಲಾಗದ ಸುದ್ದಿಯನ್ನು ಯಾರಾದರೂ ಹೇಳಿದರೆ ‘ಇದೆಲ್ಲ ಅಡಗೂಲಜ್ಜಿಯ ಕಥೆ’ ಎಂದು ತಳ್ಳಿಹಾಕುವುದು ವಾಡಿಕೆ. ಓದುಗನಿಗಿರುವ ಹೆಸರಾದರೂ ಇನ್ನೂ ಅಸ್ಪಷ್ಟವೇ. ಇಂಗ್ಲೀಷಿನಲ್ಲಿ ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆಂದು ಪ್ರತ್ಯೇಕವಾದ ಸಾಹಿತ್ಯವರ್ಗವೇ ಬೆಳೆದು ನಿಂತಿದೆ. ಕನ್ನಡದಲ್ಲಿ ಶಿಶುಸಾಹಿತ್ಯವೆಂಬ ಒಂದು ದಡ, ಕಾದಂಬರಿಯೆಂಬ ಮತ್ತೊಂದು ದಡ. ನಡುವಿನ ಹೊಳೆಯನ್ನು ಹುಡುಗರು ತಾವೇ ಈಜಿ ದಾಟಬೇಕು. ತೇಜಸ್ವಿಯವರ ‘ಕರ್ವಾಲೊ’ (೧೯೮೦) ಹದಿಹರೆಯದವರಿಗೆಂದು ಬರೆದುದಲ್ಲ. ಆದರೆ ಹಾರುವ ಓತಿಯ ಬೆನ್ನುಹತ್ತಿ ಆ ಹೊಳೆಯನ್ನು ದಾಟಿದವರು ಎಷ್ಟೋ ಮಂದಿ.

ಈ ಕೊರತೆ ಮೈಸೂರು ಧಾರವಾಡಗಳಲ್ಲಿ ತೋರುವುದಕ್ಕಿಂತ ಕುರ್ಲಾದಂತಹ ಸ್ಥಳದಲ್ಲಿ ನಿಚ್ಚಳವಾಗಿ ತೋರುತ್ತದೆ. ಕರಾವಳಿಯ ಕನ್ನಡಿಗನಿಗೆ ಕುರ್ಲಾ ಎಂದರೆ ಊರಿನ ಬಾಗಿಲು. ೧೯೯೮ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾದಂದಿನಿಂದ ಮಂಗಳೂರಿನ ಕಡೆಯ ಗಾಡಿಗಳನ್ನು ಜನ ಹತ್ತಿ ಇಳಿಯುವುದು ಇಲ್ಲಿಯ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ. ೧೯೨೭ರಲ್ಲಿ ಹುಟ್ಟಿದ ಮುಂಬಯಿ ಬಂಟರ ಸಂಘದ ಭವನ ಇರುವುದು ಕುರ್ಲಾ ಪೂರ್ವದಲ್ಲಿ. ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವ ಕಲೀನಾ ಪಶ್ಚಿಮಕ್ಕೆ ಬಸ್ಸಿನ ದಾರಿ. ಸ್ವದೇಶಿ ಗಿರಣಿಯ, ಪ್ರೀಮಿಯರ್ ಮೋಟಾರು ಕಾರ್ಖಾನೆಯ ಕಾಲದ ದುಡಿಮೆಗಾರರ ಮೊಮ್ಮಕ್ಕಳು ಇಲ್ಲಿ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾರೆ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನು ಆಡುತ್ತಾರೆ, ಪುಸ್ತಕವನ್ನು ಮಾತ್ರ ಇಂಗ್ಲೀಷಿನಲ್ಲಿ ಓದುತ್ತಾರೆ. ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿ ಬಂದಿದೆ, ಕನ್ನಡವೂ ಅವುಗಳಲ್ಲಿ ಒಂದು. ಆದರೆ ಹದಿಮೂರರ ಹುಡುಗಿಯ ಚೀಲದಲ್ಲಿರುವ ಪುಸ್ತಕವನ್ನು ತೆಗೆದು ನೋಡಿದರೆ ಅದು ಹ್ಯಾರಿ ಪಾಟರನೋ, ಗ್ರೀಕ್ ದೇವತೆಗಳ ಮಕ್ಕಳದೋ, ಸಿಂಡರೆಲಾಳನ್ನು ಮತ್ತೆ ಹೇಳಿದ ಯಾವುದಾದರೂ ಕಾದಂಬರಿಯೋ ಆಗಿರುವ ಸಂಭವವೇ ಹೆಚ್ಚು. ಇದರಲ್ಲಿ ಶೋಕಿಸಬೇಕಾದುದೇನೂ ಇಲ್ಲ. ಅವಳು ಓದುತ್ತಿದ್ದಾಳೆ ಎಂಬುದೇ ದೊಡ್ಡ ಮಾತು. ಪ್ರಶ್ನೆ ಇರುವುದು ಬೇರೆ ಕಡೆ: ಅವಳು ಓದುತ್ತಿರುವುದನ್ನು ಕುರಿತು ಕನ್ನಡದಲ್ಲಿ ಗಂಭೀರವಾಗಿ ಮಾತನಾಡಬಲ್ಲ ಒಬ್ಬ ವಿಮರ್ಶಕನಾದರೂ ಅವಳಿಗೆ ಸಿಗುವನೇ?

ಹಿಂದಿನ ತಲೆಮಾರು ಈ ವಿಷಯದಲ್ಲಿ ಬಡವಾಗಿರಲಿಲ್ಲ. ಕನ್ನಡದ ನವೋದಯಕ್ಕೂ ಮರುಕಥನಕ್ಕೂ ಇರುವ ನಂಟು ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಗಾಢವಾದುದು. ಪಂಜೆ ಮಂಗೇಶರಾಯರು ಮಕ್ಕಳಿಗೆ ಬರೆದ ಕಥೆಗಳಲ್ಲಿ ಪಶ್ಚಿಮದ ಸರಕು ಎಷ್ಟು, ಕರಾವಳಿಯ ಸರಕು ಎಷ್ಟು ಎಂದು ಬಿಡಿಸುವುದೇ ಕಷ್ಟ. ಕುವೆಂಪು ಅವರು ಬ್ರೌನಿಂಗನ ೧೮೪೨ರ ಪದ್ಯವನ್ನು ಎತ್ತಿ ತುಂಗೆಯ ದಡದಲ್ಲಿ ನಿಲ್ಲಿಸಿದಾಗ ಹ್ಯಾಮೆಲಿನ್ನಿನ ನಗರಾಧ್ಯಕ್ಷ ಗೌಡನಾದ, ಬಣ್ಣದಂಗಿಯ ಪುಂಗಿಗಾರ ಕಿಂದರಿಜೋಗಿಯಾದ. ಜೋಗಿ ಎಂಬ ಒಂದೇ ಶಬ್ದದಿಂದ ಕಥೆಯ ನ್ಯಾಯ ಬದಲಾಯಿತು ಎಂಬುದನ್ನು ಯಾರೂ ಸಾಕಷ್ಟು ಗಮನಿಸಿದಂತಿಲ್ಲ. ಬ್ರೌನಿಂಗನಲ್ಲಿ ಮುರಿದುದು ಒಂದು ಕರಾರು. ಕನ್ನಡದಲ್ಲಿ ಜೋಗಿಗೆ ಕೊಟ್ಟ ಮಾತು ಮುರಿದರೆ ಅದು ಕರಾರಿನ ಭಂಗ ಮಾತ್ರವಲ್ಲ, ಜೋಗಿಯ ಮುನಿಸು. ಅದರ ಫಲವನ್ನು ಊರು ಉಣ್ಣಲೇಬೇಕೆಂಬುದು ಕೇಳುವ ಮಗುವಿಗೆ ಹೇಳದೆಯೇ ಗೊತ್ತು. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಇನ್ನೊಂದು ಬಗೆಯದು. ಆಲಿಸಳು ಪಾಪಚ್ಚಿಯಾದ ಮಾತ್ರಕ್ಕೆ ಬಿಲದೊಳಗಿನ ಲೋಕ ಪಾತಾಳವಾಯಿತು. ಪಾತಾಳಕ್ಕೆ ಭಾರತೀಯ ಕಥೆಯಲ್ಲಿ ನಾಗರಿದ್ದಾರೆ, ಬಲಿಯಿದ್ದಾನೆ, ಅದೊಂದು ವಿಳಾಸವುಳ್ಳ ಸ್ಥಳ. ಇಂಗ್ಲೀಷಿನ ಆ ಬಿಲಕ್ಕೆ ವಿಳಾಸವೇ ಇಲ್ಲ. ಅದರ ನಗೆಯ ಅರ್ಧ ಇರುವುದು ಆ ವಿಳಾಸಹೀನತೆಯಲ್ಲಿಯೇ. ಕಸ್ತೂರಿಯವರು ಗಳಿಸಿದುದೆಷ್ಟು, ಕಳೆದುದೆಷ್ಟು ಎಂದು ತೂಗಿ ನೋಡುವುದು ಒಳ್ಳೆಯ ವಿಮರ್ಶೆಯ ಕೆಲಸ.

ಚಂದಮಾಮದ ಮಾತನ್ನು ಇಲ್ಲಿ ಬಿಡುವಂತಿಲ್ಲ. ೧೯೪೯ರಲ್ಲಿ ಕನ್ನಡಕ್ಕೆ ಬಂದು ಈ ಶತಮಾನದ ಎರಡನೆಯ ದಶಕದಲ್ಲಿ ನಿಂತುಹೋದ ಆ ಮಾಸಪತ್ರಿಕೆ, ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಕಲಿತ ಮುಂಬಯಿಯ ಕನ್ನಡ ಹುಡುಗರ ಪೀಳಿಗೆಗೆ ಪಠ್ಯಪುಸ್ತಕದ ಹೊರಗಿನ ಓದಾಗಿತ್ತು. ಅದರ ಬೇತಾಳ ಕಥೆಗಳಲ್ಲಿ ಒಂದು ಸ್ವಾರಸ್ಯವುಂಟು. ಕಥೆ ಮುಗಿದ ಮೇಲೆ ಬೇತಾಳ ಕೇಳುಗನಿಗೆ ಪ್ರಶ್ನೆ ಹಾಕುತ್ತದೆ. ಉತ್ತರ ತಿಳಿದೂ ಹೇಳದಿದ್ದರೆ ತಲೆ ಒಡೆದು ಹೋಳಾಗುತ್ತದೆ. ಕೇಳಿದವನು ತೀರ್ಪು ಕೊಡಲೇಬೇಕು ಎಂಬ ಕಟ್ಟಳೆ ಇದು. ಹನ್ನೆರಡರ ಹುಡುಗನಿಗೆ ವಿಮರ್ಶೆಯ ಇದಕ್ಕಿಂತ ಉತ್ತಮವಾದ ಪಾಠವನ್ನು ಯಾವ ಶಾಲೆಯೂ ಕೊಟ್ಟಿರಲಾರದು.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. ಮರುಕಥನವನ್ನು ಓದುವಾಗ ವಿಮರ್ಶಕನು ಕೇಳಬೇಕಾದ ಮೊದಲ ಪ್ರಶ್ನೆ, ಹಿಂದಿನ ಪಾಠದಲ್ಲಿದ್ದ ಯಾವುದನ್ನು ಕಂಡು ಈ ಲೇಖಕ ಹೆದರಿದ್ದಾನೆ ಎಂಬುದು. ಗ್ರಿಮ್ ಸಹೋದರರ ಸಂಗ್ರಹವೇ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ೧೮೧೨ರ ಮೊದಲ ಮುದ್ರಣದಲ್ಲಿ ಗೋಪುರದ ರಪುಂಜೆಲ್ ತನ್ನ ಬಟ್ಟೆ ಬಿಗಿಯಾಗುತ್ತಿದೆಯೆಂದು ಮುಗ್ಧವಾಗಿ ಹೇಳಿ ಗರ್ಭವನ್ನು ಬಯಲು ಮಾಡುತ್ತಾಳೆ. ಮುಂದಿನ ಮುದ್ರಣಗಳಲ್ಲಿ ಆ ಬಟ್ಟೆ ಮಾಯವಾಗಿ, ಮಾಟಗಾತಿ ರಾಜಕುಮಾರನಿಗಿಂತ ಭಾರವೆಂಬ ದಡ್ಡ ಮಾತು ಬರುತ್ತದೆ. ಹಿಮಶ್ವೇತೆಯನ್ನು ಕೊಲ್ಲಬಯಸಿದವಳು ಮೊದಲು ಹೆತ್ತ ತಾಯಿ, ೧೮೧೯ರಲ್ಲಿ ಮಲತಾಯಿಯಾದಳು. ಕಾಮವನ್ನು ಅಳಿಸಿದ ಕೈ ಕ್ರೌರ್ಯವನ್ನು ಅಳಿಸಲಿಲ್ಲ ಎಂಬುದೂ ಗಮನಾರ್ಹ. ಮಕ್ಕಳಿಗಾಗಿ ತಿದ್ದುವುದೆಂದರೆ ಹಿರಿಯರ ಅಂಜಿಕೆಗಳನ್ನು ಪಟ್ಟಿ ಮಾಡಿದಂತೆ.

ಕನ್ನಡದಲ್ಲಿ ಇದಕ್ಕೆ ಸಮನಾದ ಕಥೆ ‘ಹಂಚಿ’. ಎ. ಕೆ. ರಾಮಾನುಜನ್ ಅವರು ಕನ್ನಡದ ಸಿಂಡರೆಲಾ ಎಂದು ಗುರುತಿಸಿ ಇಂಗ್ಲೀಷಿಗೆ ತಂದ ಈ ಕಥೆ, ಅಲನ್ ಡಂಡಿಸ್ ಸಂಪಾದಿಸಿದ ೧೯೮೨ರ ಸಿಂಡರೆಲಾ ಸಂಪುಟದಲ್ಲಿ ಸೇರಿ ಜಗತ್ತಿನ ಜಾನಪದ ವಿದ್ವಾಂಸರ ಗಮನಕ್ಕೆ ಬಂದಿತು. ಬಂಗಾರದ ಕೂದಲಿನ ಹುಡುಗಿ. ಪ್ರಾಯಕ್ಕೆ ಬಂದ ಅಣ್ಣ ಅವಳನ್ನು ಕಂಡು ಮೋಹಗೊಳ್ಳುತ್ತಾನೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡವನ್ನು ತೊಡಿಸಿ, ತೆಗೆಯಬೇಡವೆಂದು ಹೇಳಿ ಊರು ಬಿಡಿಸುತ್ತಾಳೆ. ಹಂಚಿನ ಮುಖದ ಹುಡುಗಿ ಸಾಹುಕಾರನ ಮನೆಯಲ್ಲಿ ಅಡಿಗೆಯ ಕೆಲಸಕ್ಕೆ ನಿಲ್ಲುತ್ತಾಳೆ; ಯಾರೂ ಇಲ್ಲದ ಹೊತ್ತಿನಲ್ಲಿ ಅಭ್ಯಂಜನ ಮಾಡುವಾಗ ಆ ಮನೆಯ ಕಿರಿಯ ಮಗ ಅವಳ ನಿಜರೂಪವನ್ನು ಕಾಣುತ್ತಾನೆ, ಮದುವೆಯಾಗುತ್ತದೆ. ಪಶ್ಚಿಮದ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕನ್ನಡದ ಕಥೆಗೆ ಮದುವೆ ಅರ್ಧ ದಾರಿ. ಮನೆಗೆ ಬರುವ ಗುರುಸ್ವಾಮಿ ಅವಳ ಮೇಲೆ ಕಣ್ಣಿಡುತ್ತಾನೆ, ಅವಳು ಬಗ್ಗದಿದ್ದಾಗ ನಡತೆಗೆ ಕಳಂಕ ಹೊರಿಸುತ್ತಾನೆ. ಮನೆಯವರು ಅವನ ಮಾತನ್ನು ನಂಬಿ ಅವಳನ್ನು ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ಒಬ್ಬ ಮುದುಕಿ ಅವಳನ್ನು ಬಿಡಿಸಿ ಪೆಟ್ಟಿಗೆಯಲ್ಲಿ ನಾಯಿಯನ್ನು ತುಂಬುತ್ತಾಳೆ. ಪೆಟ್ಟಿಗೆಯನ್ನು ಆಸೆಯಿಂದ ತೆರೆದ ಸ್ವಾಮಿಗೆ ದೊರೆತುದು ಆ ನಾಯಿಯ ಹಲ್ಲು. ಕೊನೆಗೆ ಗಂಡನ ಮನೆಯವರು ಅವಳನ್ನು ಗುರುತಿಸುವುದು ಪಾದರಕ್ಷೆಯಿಂದಲ್ಲ, ಅಡಿಗೆಯ ರುಚಿಯಿಂದ.

ಹದಿಹರೆಯದ ಓದುಗಳಿಗೆ ಈ ಕಥೆ ಏನನ್ನು ಹೇಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಅಪಾಯ ಕಾಡಿನಲ್ಲಿಲ್ಲ, ಮನೆಯಲ್ಲಿದೆ. ರಾಕ್ಷಸನಲ್ಲಿಲ್ಲ, ಅಣ್ಣನಲ್ಲಿದೆ, ಗುರುವಿನಲ್ಲಿದೆ. ಕುರ್ಲಾದ ಒಂದು ಕೋಣೆಯ ಮನೆಯಲ್ಲಿ ಬೆಳೆಯುವ ಹುಡುಗಿಗೂ ಘಟಪ್ರಭೆಯ ದಂಡೆಯ ಹಳ್ಳಿಯ ಹುಡುಗಿಗೂ ಇದು ಸಮನಾಗಿ ಅರ್ಥವಾಗುವ ಮಾತು. ಇದನ್ನು ಮಕ್ಕಳ ಪುಸ್ತಕವನ್ನಾಗಿ ಮಾಡುವವನು ಮೊದಲು ಅಣ್ಣನನ್ನು ಬಿಟ್ಟು ಮಲತಾಯಿಯನ್ನು ತರುತ್ತಾನೆ, ಬಳಿಕ ಗುರುಸ್ವಾಮಿಯನ್ನು ಮಂತ್ರವಾದಿಯನ್ನಾಗಿ ಮಾಡುತ್ತಾನೆ. ಆಗ ಮಣ್ಣಿನ ಮುಖವಾಡ ಏಕೆ ಬೇಕಾಯಿತೆಂಬುದೇ ಕಥೆಯಲ್ಲಿ ಉಳಿಯುವುದಿಲ್ಲ.

ಇದೇ ಗುಂಪಿನ ಕಥೆಯನ್ನು (ಪೆರೋನ ಕತ್ತೆಚರ್ಮದ ಕಥೆ, ಗ್ರಿಮ್ಮರ ಬಂಗಾರಗೂದಲಿನ ರಾಜಕುಮಾರಿಯ ಕಥೆ) ಅಮೆರಿಕದ ರಾಬಿನ್ ಮೆಕಿನ್ಲಿ ೧೯೯೩ರಲ್ಲಿ ‘ಡಿಯರ್‌ಸ್ಕಿನ್’ ಎಂಬ ಕಾದಂಬರಿಯಾಗಿ ಬರೆದರು. ಹಳೆಯ ಕಥೆಗಳಲ್ಲಿ ಮಗಳು ತಂದೆಯಿಂದ ತಪ್ಪಿಸಿಕೊಂಡು ಓಡುತ್ತಾಳೆ; ಮೆಕಿನ್ಲಿಯವರಲ್ಲಿ ತಪ್ಪಿಸಿಕೊಳ್ಳಲಾಗುವುದಿಲ್ಲ. ಉಳಿದ ಕಾದಂಬರಿಯೆಲ್ಲ ಆ ಗಾಯ ಮಾಯುವ ನಿಧಾನದ ಕಥೆ, ಜೊತೆಗೆ ಒಂದು ನಾಯಿ. ಇದು ಹದಿಹರೆಯದವರಿಗೆ ತಕ್ಕುದೇ ಅಲ್ಲವೇ ಎಂಬ ಚರ್ಚೆ ಇರಬಹುದು. ಆದರೆ ಹಿಂದಿನ ಪಾಠಗಳು ಹೆದರಿದ ಸ್ಥಳದಲ್ಲಿ ಈ ಲೇಖಕಿ ನಿಂತಿದ್ದಾರೆ ಎಂಬುದನ್ನು ಒಪ್ಪಬೇಕು. ‘ಹಂಚಿ’ಯೊಡನೆ ಹೋಲಿಸಿದಾಗ ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಮೆಕಿನ್ಲಿಯವರ ನಾಯಕಿಯನ್ನು ಗುಣಪಡಿಸುವುದು ಏಕಾಂತ ಮತ್ತು ಚಂದ್ರನ ದೇವತೆ; ಹಂಚಿಯನ್ನು ಉಳಿಸುವುದು ತಾಯಿ, ಮುದುಕಿ, ಒಲೆ. ಕನ್ನಡದ ಅಜ್ಜಿಗೆ ದೇವತೆಯ ನೆರವು ಬೇಕಾಗಲಿಲ್ಲ.

ಎಲ್ಲ ಮರುಕಥನವೂ ಇಷ್ಟು ಭಾರವಾಗಿರಬೇಕೆಂದಲ್ಲ. ಮರಿಸ್ಸಾ ಮೇಯರ್ ಅವರ ‘ಸಿಂಡರ್’ (೨೦೧೨) ಎಂಬ ಕಾದಂಬರಿಯಲ್ಲಿ ಸಿಂಡರೆಲಾ ಅರ್ಧ ಯಂತ್ರದ ದೇಹವುಳ್ಳ ಮೆಕ್ಯಾನಿಕ್ ಹುಡುಗಿ. ಅರಮನೆಯ ಮೆಟ್ಟಿಲಿನ ಮೇಲೆ ಬಿದ್ದುಹೋಗುವುದು ಪಾದರಕ್ಷೆಯಲ್ಲ, ಪಾದವೇ. ಗ್ಯಾರೇಜುಗಳ ಸಾಲಿನ ನಡುವೆ ಬೆಳೆದ ಕುರ್ಲಾದ ಓದುಗರಿಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದ ಸಿಂಡರೆಲಾ ಅಪರಿಚಿತಳೆನಿಸಲಾರಳು. ಆ ಒಂದು ಕಲ್ಪನೆ ಬಿಟ್ಟರೆ ಪುಸ್ತಕದ ಉಳಿದ ಭಾಗ ವೇಗದ ಓದು, ಅಷ್ಟೆ.

ರಾಮಾನುಜನ್ನರ ಮತ್ತೊಂದು ಕಥೆ, ಹೂ ಬಿಡುವ ಮರವಾಗುವ ಹುಡುಗಿಯದು, ಇನ್ನೂ ಸೂಕ್ಷ್ಮವಾದುದು. ಎರಡು ಕೊಡ ನೀರು. ಒಂದನ್ನು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮರ ಹುಡುಗಿಯಾಗುತ್ತದೆ. ಹೂ ಕೊಯ್ಯುವವರು ಎಲೆಗೂ ನೋವಾಗದಂತೆ ಕೊಯ್ಯಬೇಕು. ಅಕ್ಕ ಕೊಯ್ದಾಗ ನೋವಿಲ್ಲ. ಗಂಡನಾದ ರಾಜಕುಮಾರ ರಾತ್ರಿ ರಾತ್ರಿ ಹೂ ಬೇಡಿದಾಗ ಸಂಕೋಚ. ನಾದಿನಿಯೂ ಅವಳ ಗೆಳತಿಯರೂ ಕೊಂಬೆ ಮುರಿದು ಎರಡನೆಯ ಕೊಡವನ್ನು ಸರಿಯಾಗಿ ಸುರಿಯದೆ ಬಿಟ್ಟಾಗ ಹುಡುಗಿ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ಋತುಮತಿಯಾದವಳನ್ನು ಪುಷ್ಪವತಿ ಎಂದು ಕರೆಯುವ ಭಾಷೆಯಲ್ಲಿ ಈ ಹೂವುಗಳ ಅರ್ಥ ಯಾವ ಅಜ್ಜಿಗೂ ತಿಳಿಯದ್ದಲ್ಲ. ಈ ಕಥೆಯನ್ನು ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಕಾರ ೨೦೦೬ರಲ್ಲಿ ವಿಯೆನ್ನಾದಲ್ಲಿ ಸಂಗೀತನಾಟಕವಾಗಿ ಪ್ರದರ್ಶಿಸಿದನು. ಕನ್ನಡದ ಹಟ್ಟಿಯಿಂದ ವಿಯೆನ್ನಾದವರೆಗೆ ಹೋದ ಹುಡುಗಿ ಕುರ್ಲಾದವರೆಗೆ ಬರಲು ಇನ್ನೂ ದಾರಿ ಹುಡುಕುತ್ತಿದ್ದಾಳೆ.

ಕನ್ನಡ ವಿಮರ್ಶೆಗೆ ಜನಪದ ಕಥೆಯ ಬಗ್ಗೆ ಅಸಡ್ಡೆಯಿದೆಯೆಂದು ಇದರಿಂದ ತಿಳಿಯಬಾರದು. ಗಿರೀಶ ಕಾರ್ನಾಡರ ‘ನಾಗಮಂಡಲ’ (೧೯೮೮), ಕಂಬಾರರ ‘ಸಿರಿಸಂಪಿಗೆ’, ಇವುಗಳ ಮೇಲೆ ಬಂದ ಲೇಖನಗಳಿಗೆ ಲೆಕ್ಕವಿಲ್ಲ. ಅದೇ ನಾಗ, ಅದೇ ರಾಣಿ, ಅದೇ ಮಂತ್ರದ ಬೇರು ಹದಿನಾಲ್ಕರ ಓದುಗನಿಗೆಂದು ಅಚ್ಚಾಗಿ ಬಂದರೆ ಮಾತ್ರ ವಿಮರ್ಶಕನ ಲೇಖನಿ ಐದು ಸಾಲಿಗೆ ದಣಿಯುತ್ತದೆ: ಭಾಷೆ ಸರಳ, ಚಿತ್ರಗಳು ಸುಂದರ, ಮುದ್ರಣ ಅಂದವಾಗಿದೆ, ನೀತಿಬೋಧಕವಾಗಿದೆ, ಮಕ್ಕಳ ಕೈಗೆ ಧಾರಾಳವಾಗಿ ಕೊಡಬಹುದು. ಈ ಐದು ವಾಕ್ಯಗಳಲ್ಲಿ ಪುಸ್ತಕವನ್ನು ಓದಿದುದಕ್ಕೆ ಸಾಕ್ಷಿಯೇ ಇಲ್ಲ. ನೀತಿಬೋಧೆಯ ಮೋಹ ವಿಮರ್ಶಕನೊಬ್ಬನದೇ ಅಲ್ಲ. ೨೦೧೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡಕ್ಕೆ ಬಂದ ಮೊದಲ ಪ್ರಶಸ್ತಿ ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಕಥನಕ್ಕೆ. ಪುಸ್ತಕ ಯೋಗ್ಯವಾದುದು, ಪ್ರಶಸ್ತಿಯೂ ಯೋಗ್ಯವೇ. ಆದರೂ ಅದ್ಭುತಕ್ಕಿಂತ ಆದರ್ಶ ಬೇಗನೆ ಮನ್ನಣೆ ಪಡೆಯುತ್ತದೆ ಎಂಬುದಕ್ಕೆ ಇದೂ ಒಂದು ಗುರುತೆನ್ನಬಹುದು.

ಮರುಕಥನವನ್ನು ಅಳೆಯುವ ಕೋಲನ್ನು ಪಶ್ಚಿಮದಿಂದ ತರಿಸಬೇಕಾದ ಅಗತ್ಯವೂ ಇಲ್ಲ. ಅದು ಕುರ್ಲಾದ ಸಭಾಂಗಣಗಳಲ್ಲಿಯೇ ಇದೆ. ಮಳೆಗಾಲದಲ್ಲಿ ಊರಿನ ತಿರುಗಾಟ ನಿಂತಾಗ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಅಲ್ಲಿ ಕಥೆ ಹೊಸತಲ್ಲ. ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಪದ್ಯ ಪ್ರಸಂಗದಲ್ಲಿ ಅಚ್ಚಾಗಿದೆ. ಕೇಳುಗ ಕಾದಿರುವುದು ಅರ್ಥಧಾರಿ ಈ ರಾತ್ರಿ ವಾಲಿಯ ಬಾಯಲ್ಲಿ ಯಾವ ಪ್ರಶ್ನೆ ಇಡುತ್ತಾನೆ, ರಾಮನ ಅರ್ಥಧಾರಿ ಅದನ್ನು ಹೇಗೆ ಎದುರಿಸುತ್ತಾನೆ ಎಂಬುದಕ್ಕಾಗಿ. ಪದ್ಯದ ಎಲ್ಲೆಯನ್ನು ಮೀರಿದರೆ ಸಭೆ ಒಪ್ಪುವುದಿಲ್ಲ. ಪದ್ಯವನ್ನೇ ಗದ್ಯ ಮಾಡಿ ಹೇಳಿದರೆ ಆಕಳಿಸುತ್ತದೆ. ಹಿಂದಿನ ಪಾಠಕ್ಕೆ ನಿಷ್ಠೆ, ಇಂದಿನ ಪ್ರಶ್ನೆಗೆ ಎದೆಗಾರಿಕೆ, ಇವೆರಡನ್ನೂ ಒಟ್ಟಿಗೆ ಬೇಡುವ ಈ ಸಭಿಕನೇ ಮರುಕಥನದ ನಿಜವಾದ ವಿಮರ್ಶಕ. ಆಟ ಮುಗಿದು ರೈಲು ಹಿಡಿಯುವ ತನಕ ವಾಲಿಯ ಮಾತಿನ ಸರಿತಪ್ಪುಗಳನ್ನು ತರ್ಕಿಸುವ ಅದೇ ಗೃಹಸ್ಥ, ಮಗಳ ಕೈಯಲ್ಲಿರುವ ಕಾದಂಬರಿಯನ್ನು ನೋಡಿ ‘ಅದೇನೋ ಮಾಟಮಂತ್ರದ ಪುಸ್ತಕ’ ಎನ್ನುತ್ತಾನೆ. ತನ್ನ ಕೈಯಲ್ಲಿರುವ ಕೋಲು ಅದಕ್ಕೂ ಸಲ್ಲುತ್ತದೆಂದು ಅವನಿಗೆ ಯಾರೂ ಹೇಳಿಲ್ಲ.

ಭಾಷೆಯ ಪ್ರಶ್ನೆ ಉಳಿಯಿತು. ತುಳು ಮನೆಮಾತಿನ ಮಗುವಿಗೆ ಕನ್ನಡವೇ ಮರುಕಥನದ ಭಾಷೆಯಾಗಿದ್ದ ಕಾಲವೊಂದಿತ್ತು. ಪಾಡ್ದನದ ಕೋಟಿ ಚೆನ್ನಯರನ್ನು ಪಂಜೆಯವರು ೧೯೨೪ರಲ್ಲಿ ಕನ್ನಡ ಗದ್ಯಕ್ಕೆ ತಂದಾಗ, ಗರಡಿಯಲ್ಲಿ ಕೇಳಿದ ವೀರರನ್ನು ಹುಡುಗರು ಮೊದಲ ಸಲ ಎರಡನೆಯ ಭಾಷೆಯಲ್ಲಿ ಓದಿದರು. ಅದರಿಂದ ವೀರರು ಕುಗ್ಗಲಿಲ್ಲ. ಇಂದು ಕನ್ನಡದ ಕಥೆ ಕುರ್ಲಾದ ಮಗುವಿಗೆ ಇಂಗ್ಲೀಷಿನ ಮೂಲಕ ಬರುತ್ತಿದ್ದರೆ, ಅದನ್ನು ಬರಿಯ ನಷ್ಟವೆಂದು ಬರೆಯುವುದು ಸರಿಯಲ್ಲ. ರಾಮಾನುಜನ್ನರು ಸಂಗ್ರಹಿಸಿದ ಕನ್ನಡ ಕಥೆಗಳ ಸಂಪುಟ ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ೧೯೯೭ರಲ್ಲಿ, ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಇಂಗ್ಲೀಷಿನಲ್ಲಿಯೇ ಹೊರಬಂದಿತು. ಅದನ್ನು ಓದಿ ಅಜ್ಜಿಯನ್ನು ಪ್ರಶ್ನೆ ಕೇಳುವ ಹುಡುಗಿ ಕಥೆಯನ್ನು ಅರ್ಧ ದಾರಿ ಹಿಂದಕ್ಕೆ ತಂದಂತೆಯೇ.

ಉಳಿದರ್ಧ ದಾರಿಯಲ್ಲಿ ವಿಮರ್ಶಕನ ಕೆಲಸ ಚಿಕ್ಕ ಶಬ್ದಗಳದು. ಇಂಗ್ಲೀಷಿನಲ್ಲಿ ‘ಹಂಚಿ’ ಕೇವಲ ಒಂದು ಹೆಸರು. ಕನ್ನಡದಲ್ಲಿ ಹೆಸರಿನೊಳಗೇ ಹಂಚು ಇದೆ. ಬೆಳಗಾವಿಯ ಕಡೆಯವರಿಗೆ ಹಂಚು ಎಂದರೆ ರೊಟ್ಟಿ ಬೇಯಿಸುವುದು, ಒಲೆಯ ಮೇಲಿನ ಕಪ್ಪು. ಮಂಗಳೂರಿನ ಕಡೆಯವರಿಗೆ ಮಾಡಿಗೆ ಹೊದಿಸುವುದು, ಮಳೆಯನ್ನು ತಡೆಯುವ ಕೆಂಪು. ಒಂದೇ ಕಥೆಯನ್ನು ಕೇಳಿ ಒಬ್ಬ ಹುಡುಗಿ ಬೆಂಕಿಯ ಬಳಿಯ ಮುಖವನ್ನು ಕಾಣುತ್ತಾಳೆ, ಇನ್ನೊಬ್ಬಳು ಸೂರಿನ ಕೆಳಗಿನ ಮುಖವನ್ನು ಕಾಣುತ್ತಾಳೆ. ಕುರ್ಲಾದ ಒಂದೇ ಚಾಳಿನಲ್ಲಿ ಇಬ್ಬರೂ ಅಕ್ಕಪಕ್ಕದ ಬಾಗಿಲಿನಲ್ಲಿದ್ದಾರೆ.